ಮೊಮ್ಮಕ್ಕಳಿಗಾಗಿ ದಿನಚರಿ ಬರೆದಿಡುವ ಕ್ರಮ

ನಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಹೀಗೊಂದು ಸಾಲಿದೆ: "ಪ್ಲವ, ಮಾಘ ಶುದ್ಧ ಪಂಚಮಿ. ಅತ್ತೆಯ ಮನೆಗೆ ಅಕ್ಕಿ ಎರಡು ಸೇರು. ಕೆರೆಗದ್ದೆಯ ವಿಷಯ ಮಾತಾಯಿತು." ಬರೆದವರಿಗೆ ಅಷ್ಟೇ ಸಾಕಾಗಿತ್ತು. ಪ್ಲವ ಸಂವತ್ಸರವು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಇದು 1901-02ರ ಮಾತೋ 1961-62ರದೋ, ಅಕ್ಷರ ಅಜ್ಜನದೋ ಅವರ ತಂದೆಯದೋ ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಅತ್ತೆ ಎಂದರೆ ತಂದೆಯ ತಂಗಿಯೂ ಆಗಬಹುದು, ಸೋದರಮಾವನ ಹೆಂಡತಿಯೂ ಆಗಬಹುದು, ಹೆಂಡತಿಯ ತಾಯಿಯೂ ಆಗಬಹುದು. ಸೇರಿನ ಅಳತೆಯಾದರೂ ಊರಿಂದ ಊರಿಗೆ ಬೇರೆಯಾಗಿತ್ತು.

ಆದ್ದರಿಂದ ದಿನಚರಿಯನ್ನು ಮುಂದಿನವರಿಗಾಗಿ ಬರೆಯುವವರು, ಓದುವವನಿಗೆ ತಮ್ಮ ಪರಿಚಯವೇ ಇಲ್ಲವೆಂದು ಭಾವಿಸಿಕೊಂಡು ಬರೆಯಬೇಕು. ತಿಥಿಯ ಜೊತೆಗೆ ಇಸವಿಯನ್ನೂ ಪೂರ್ತಿ ನಾಲ್ಕು ಅಂಕೆಗಳಲ್ಲಿ ಕಾಣಿಸಿರಿ. ಮೊದಲ ಎರಡು ಪುಟಗಳನ್ನು ವಂಶವೃಕ್ಷಕ್ಕೆ ಬಿಟ್ಟು, ಪ್ರತಿಯೊಬ್ಬರ ಪೂರ್ಣ ಹೆಸರಿನ ಪಕ್ಕದಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನೂ ನಮೂದಿಸಿರಿ. "ಪುಟ್ಟಣ್ಣ" ಎಂಬ ಎಪ್ಪತ್ತರ ಮುದುಕರು ಯಾರೆಂಬುದು ಆಗ ತಿಳಿದೀತು. ಗದ್ದೆ ತೋಟಗಳಿಗೆ ಸರ್ವೆ ನಂಬರು ಕೊಡಿ. ಊರಿನ ಹೆಸರುಗಳೂ ಸ್ಥಿರವಲ್ಲ: 2014ರ ನವೆಂಬರ್ 1ರಿಂದ ಗುಲ್ಬರ್ಗವು ಕಲಬುರಗಿಯಾಗಿದೆ, ಹಳೆಯ ಪತ್ರಗಳಲ್ಲಿ ಮಾತ್ರ ಗುಲ್ಬರ್ಗವೇ ಇದೆ, ಎರಡನ್ನೂ ಒಮ್ಮೆ ಸೇರಿಸಿ ಬರೆದಿಟ್ಟರೆ ಗೊಂದಲವಿಲ್ಲ.

ಏನನ್ನು ಬರೆಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ, ಮದುವೆ ಮುಂಜಿಗಳಿಗಿಂತ ಮೊದಲು ದಿನನಿತ್ಯದ ಕೆಲಸ. ಮದುವೆಗೆ ಫೋಟೊಗಳಾದರೂ ಇರುತ್ತವೆ. "ಇಂದು ಹಲಸಿನ ಹಪ್ಪಳ ಮಾಡಿದೆವು" ಎಂದು ಬರೆದು ಮುಗಿಸದೆ, ಬಲಿತ ಕಾಯಿ ಎಷ್ಟು ಬೇಕಾಯಿತು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿದವರು ಯಾರು, ಬೇಯಿಸಿದ್ದನ್ನು ಒರಳಿನಲ್ಲಿ ಕುಟ್ಟಿದರೋ ಗ್ರೈಂಡರಿಗೆ ಹಾಕಿದರೋ, ಹಪ್ಪಳ ಒತ್ತುವ ಮೊದಲೇ ಖಾರದ ಉಂಡೆಯನ್ನು ಕದ್ದು ತಿಂದ ಮಕ್ಕಳು ಯಾರು, ಚಾಪೆಯ ಬಳಿ ಕಾಗೆ ಕಾಯಲು ಯಾರನ್ನು ಕೂರಿಸಿದಿರಿ ಎಂಬುದನ್ನೆಲ್ಲ ಬರೆಯಿರಿ. ಅಂದಿನ ಹಾಲಿನ ದರ, ಆಳಿನ ಕೂಲಿ, ಬಸ್ಸಿನ ಚಾರ್ಜು ಸೇರಿದರೆ ಇನ್ನೂ ಒಳ್ಳೆಯದು. ಮನೆಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. ಅಜ್ಜಿ ಬೈದದ್ದು ಹವ್ಯಕದಲ್ಲೋ ಧಾರವಾಡದ ಮಾತಿನಲ್ಲೋ ಇದ್ದರೆ ಹಾಗೆಯೇ ಇರಲಿ. ಕಣ್ಣಾರೆ ಕಂಡದ್ದನ್ನೂ ಬೇರೆಯವರು ಹೇಳಿದ್ದನ್ನೂ ಬೆರೆಸದೆ, ಹೇಳಿದವರ ಹೆಸರನ್ನು ಕೊಡಿ. ಪಾಲುಪಟ್ಟಿಯ ಜಗಳವನ್ನು ಮುಚ್ಚಿಡಬೇಕಾಗಿಲ್ಲ, ಆದರೆ ಇನ್ನೊಬ್ಬರು ನಿಮ್ಮನ್ನು ನಂಬಿ ಹೇಳಿದ ಗುಟ್ಟು ನಿಮ್ಮ ಆಸ್ತಿಯಲ್ಲ.

ಕಾಗದ ಅಗ್ಗದ್ದಾದರೆ ಅದರೊಳಗಿನ ಆಮ್ಲವೇ ಅದನ್ನು ಹಳದಿಯಾಗಿಸಿ ಪುಡಿ ಮಾಡುತ್ತದೆ. ಆಮ್ಲರಹಿತ ಕಾಗದದ, ಹೊಲಿಗೆ ಹಾಕಿದ ಪುಸ್ತಕ ಕೊಳ್ಳಿರಿ. ನೀರಿಗೆ ಕರಗದ ಪಿಗ್ಮೆಂಟ್ ಶಾಯಿಯ ಪೆನ್ನು ಉತ್ತಮ, ಅದು ಸಿಗದಿದ್ದರೆ ಪೆನ್ಸಿಲ್ಲೇ ಆದೀತು, ಏಕೆಂದರೆ ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಹರಿದ ಪುಟಕ್ಕೆ ಸೆಲ್ಲೋಟೇಪು ಅಂಟಿಸಬಾರದು, ಲ್ಯಾಮಿನೇಷನ್ನಂತೂ ಕೂಡದು. ಅಂಗಡಿ, ಎಟಿಎಂಗಳ ಥರ್ಮಲ್ ಚೀಟಿಗಳು ಕೆಲವೇ ವರ್ಷಗಳಲ್ಲಿ ಬಿಳಿಚುವುದರಿಂದ ಅವುಗಳ ವಿವರವನ್ನು ಕೈಯಲ್ಲಿ ನಕಲು ಮಾಡಿಕೊಳ್ಳಿರಿ.

ಕಂಪ್ಯೂಟರಿನಲ್ಲಿ ಬರೆಯುವವರು ಯೂನಿಕೋಡನ್ನೇ, ಅಂದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರಸಂಕೇತವನ್ನೇ, ಬಳಸಬೇಕು. ಹಿಂದೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಅಂಥವು ನಿಮ್ಮಲ್ಲಿದ್ದರೆ ಈಗಲೇ ಪರಿವರ್ತಿಸಿ, ಒಂದು ಪ್ರತಿಯನ್ನು ಮುದ್ರಿಸಿರಿ. ಕನ್ನಡ ಓದಲು ಬಾರದೆ, ಕೇಳಿದರೆ ಮಾತ್ರ ತಿಳಿಯುವ ಮೊಮ್ಮಕ್ಕಳು ಹೊರದೇಶದಲ್ಲಿದ್ದರೆ, ತಿಂಗಳಿಗೊಮ್ಮೆ ಕೆಲವು ಪುಟಗಳನ್ನು ನೀವೇ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಡಿ.

ಪುಸ್ತಕವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ, ನೆಲದಿಂದ ಮೇಲೆ ಇಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೇವ ಸಿಕ್ಕಿಬಿದ್ದು ಬೂಷ್ಟು ಹಿಡಿಯುತ್ತದೆ. ನವರಾತ್ರಿಯ ಸರಸ್ವತಿ ಪೂಜೆಗೆ ಹೇಗೂ ಪುಸ್ತಕಗಳನ್ನು ಹೊರತೆಗೆಯುತ್ತೇವಲ್ಲ, ದಿನಚರಿಯನ್ನೂ ಅಲ್ಲಿಯೇ ಇಡಿ. ಪೂಜೆ ವಿಸರ್ಜಿಸಿದ ಮೇಲೆ ಬಿಸಿಲಿಗೆ ಒಡ್ಡದೆ, ಗಾಳಿಯಾಡುವ ನೆರಳಿನಲ್ಲಿ ಪುಟ ತಿರುವುತ್ತ ಗೆದ್ದಲು, ಬೆಳ್ಳಿಹುಳಗಳ ಗುರುತಿದೆಯೇ ಎಂದು ನೋಡಿ, ಅದು ಯಾವ ಕಪಾಟಿನ ಯಾವ ಅರೆಯಲ್ಲಿದೆ ಎಂಬುದನ್ನು ಮನೆಯ ಕಿರಿಯರಿಗೆ ತೋರಿಸಿ ಒಳಗಿಡಿ.