ಕರೆಂಟ್ ಹೋದರೂ ಬುಕಿಂಗ್ ನಿಲ್ಲಬಾರದು: ಎರಡು ಟಾಮ್‌ಕ್ಯಾಟ್ ಜೋಡಿಸುವ ಬಗೆ

ಮಳೆಗಾಲದಲ್ಲಿ ಮಡಿಕೇರಿ ಕಡೆ ಮರ ಬಿದ್ದು ಲೈನ್ ಹರಿಯುವುದು ಮಾಮೂಲು. ಹೋಂಸ್ಟೇ ಬುಕಿಂಗ್‌ನದ್ದೋ ಕಾಫಿ ತೂಕದ ಲೆಕ್ಕದ್ದೋ ಜಾವಾ ಆ್ಯಪ್ ಇಟ್ಟುಕೊಂಡವರಿಗೆ ಎರಡು ಲಿನಕ್ಸ್ ಯಂತ್ರ ಸಾಕು. ಎರಡರಲ್ಲೂ ಬಂದ ಕೋರಿಕೆಗಳನ್ನು ಹಂಚುವ ಎಚ್ಎಪ್ರಾಕ್ಸಿ, ಒಂದು ಯಂತ್ರ ಬಿದ್ದರೆ ಹಂಚಿಕೊಂಡ ಐಪಿ ವಿಳಾಸವನ್ನು ಇನ್ನೊಂದಕ್ಕೆ ದಾಟಿಸುವ ಕೀಪ್‌ಅಲೈವ್‌ಡಿ, ಜಾವಾ ಆ್ಯಪ್ ಓಡಿಸುವ ಟಾಮ್‌ಕ್ಯಾಟ್ 9, ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್ ಹಾಕಿ. ಯುಪಿಎಸ್ ಮಾತ್ರ ಬೇರೆ ಬೇರೆ ಇರಲಿ. ಒಂದೇ ಯುಪಿಎಸ್‌ಗೆ ಎರಡನ್ನೂ ಸಿಕ್ಕಿಸಿದರೆ ದುಡ್ಡು ದಂಡ.

ಕೀಪ್‌ಅಲೈವ್‌ಡಿ ಹಂಚುವ ಐಪಿ ಒಂದೇ ಲ್ಯಾನ್‌ನಲ್ಲಿ ಮಾತ್ರ ಅತ್ತಿತ್ತ ಹೋಗುತ್ತದೆ. ಹಾಗಾಗಿ ಒಂದು ಯಂತ್ರ ಮಡಿಕೇರಿ, ಇನ್ನೊಂದು ಕುಶಾಲನಗರ ಎಂದರೆ ಈ ವಿಧಾನ ನಡೆಯದು. ಕುಶಾಲನಗರದಲ್ಲಿ ಬ್ಯಾಕಪ್ ಇಡಿ, ಅದೂ ಮಹಡಿಯ ಮೇಲೆ: 2018, 2019ರಲ್ಲಿ ಅಲ್ಲಿನ ಹೊಳೆಬದಿಯ ಬಡಾವಣೆಗಳಿಗೆ ಕಾವೇರಿ ನೀರು ನುಗ್ಗಿತ್ತು.

ಎಚ್ಎಪ್ರಾಕ್ಸಿಯಲ್ಲಿ ಬರೀ ಪೋರ್ಟ್ 8080 ತೆರೆದಿದೆಯೇ ಎಂದು ನೋಡಿದರೆ ಸಾಲದು. ಆ್ಯಪ್ ಡಿಪ್ಲಾಯ್ ಆಗದೆ ಬಿದ್ದಿದ್ದರೂ ಆ ಪೋರ್ಟ್ ತೆರೆದೇ ಇರುತ್ತದೆ. ಎಚ್‌ಟಿಟಿಪಿ ಚೆಕ್ ಹಾಕಿ, ಆ್ಯಪ್‌ನ ಒಳಗಿನದೇ ಒಂದು ಪುಟ ಕೇಳಿ. 2 ಸೆಕೆಂಡಿಗೊಮ್ಮೆ ಕೇಳಿ 3 ಸಲ ಸೋತರೆ ಹೊರಗೆ ಎಂದಿಡಿ. ಆ ಪುಟದಲ್ಲಿ ಡೇಟಾಬೇಸ್ ಮುಟ್ಟಬೇಡಿ. ಡೇಟಾಬೇಸ್ ಒಂದು ಗಳಿಗೆ ತಡೆದರೆ ಎರಡು ಟಾಮ್‌ಕ್ಯಾಟ್‌ಗಳೂ ಒಟ್ಟಿಗೆ ಹೊರಬಿದ್ದು ಗ್ರಾಹಕರಿಗೆ 503 (ಸೇವೆ ಲಭ್ಯವಿಲ್ಲ) ಎಂಬ ಎರರ್ ಕಾಣುತ್ತದೆ.

ಸೆಷನ್ (ಗ್ರಾಹಕರ ಅರ್ಧ ಮುಗಿದ ಬುಕಿಂಗ್‌ನಂಥ ತಾತ್ಕಾಲಿಕ ಮಾಹಿತಿ) ಇನ್ನೊಂದು ಯಂತ್ರಕ್ಕೂ ನಕಲಾಗಲು ವೆಬ್ ಎಕ್ಸ್‌ಎಂಎಲ್‌ನಲ್ಲಿ ಡಿಸ್ಟ್ರಿಬ್ಯೂಟಬಲ್ ಟ್ಯಾಗ್, ಸರ್ವರ್ ಎಕ್ಸ್‌ಎಂಎಲ್‌ನಲ್ಲಿ ಸಿಂಪಲ್‌ಟಿಸಿಪಿಕ್ಲಸ್ಟರ್ ಬೇಕು. ಫೈರ್‌ವಾಲ್‌ನಲ್ಲಿ ಮಲ್ಟಿಕಾಸ್ಟ್‌ಗೆ (ಯಂತ್ರಗಳು ಒಂದನ್ನೊಂದು ಗುರುತಿಸಿಕೊಳ್ಳಲು) ಯುಡಿಪಿ 45564, ಸೆಷನ್ ಸಾಗಿಸಲು ಟಿಸಿಪಿ 4000 ಬಿಡಿ. ಸ್ವಿಚ್ ಮಲ್ಟಿಕಾಸ್ಟ್ ತಡೆದರೆ ಎದುರಿನ ಯಂತ್ರದ ವಿಳಾಸವನ್ನೇ ಸ್ಟ್ಯಾಟಿಕ್ ಮೆಂಬರ್ ಎಂದು ಬರೆಯಿರಿ. ಸೆಷನ್‌ಗೆ ಹಾಕುವ ಕ್ಲಾಸ್‌ಗಳೆಲ್ಲ ಸೀರಿಯಲೈಸಬಲ್ (ಬೈಟ್‌ಗಳಾಗಿಸಿ ಕಳಿಸಬಲ್ಲವು) ಆಗಿರಬೇಕು. ಇಲ್ಲದಿದ್ದರೆ ಎರರ್ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಗೊತ್ತೇ ಆಗದ ತಪ್ಪು ಬೇರೆ ಇದೆ: ಸೆಷನ್‌ನಿಂದ ಬುಕಿಂಗ್ ತೆಗೆದು ಅದಕ್ಕೆ ಕೋಣೆ ಸೇರಿಸಿ, ಮತ್ತೆ ಸೆಟ್‌ಆಟ್ರಿಬ್ಯೂಟ್ ಕರೆಯದೆ ಬಿಡುವುದು. ಸೆಷನ್ ನಕಲು ಮಾಡುವ ಡೆಲ್ಟಾಮ್ಯಾನೇಜರ್ ಕಣ್ಣಿಗೆ ಆ ಬದಲಾವಣೆ ಬೀಳುವುದಿಲ್ಲ. ಇನ್ನೊಂದು ಯಂತ್ರದಲ್ಲಿ ಹಳೆಯ ಬುಕಿಂಗೇ ಉಳಿದಿರುತ್ತದೆ.

ಡೇಟಾಬೇಸ್ ಕಡೆ ಸ್ಟ್ರೀಮಿಂಗ್ ರೆಪ್ಲಿಕೇಶನ್ ಮಾಡಿ: ಬರೆಯುವ ಯಂತ್ರ ಪ್ರೈಮರಿ, ಅದರ ಬದಲಾವಣೆಗಳನ್ನು ನಕಲು ಮಾಡುತ್ತಿರುವುದು ಸ್ಟ್ಯಾಂಡ್‌ಬೈ. ಆ್ಯಪ್ ಡೇಟಾಬೇಸ್ ತಲುಪುವ ಜೆಡಿಬಿಸಿ ಯುಆರ್‌ಎಲ್‌ನಲ್ಲಿ ಎರಡೂ ಹೋಸ್ಟ್ ಬರೆದು ಟಾರ್ಗೆಟ್‌ಸರ್ವರ್‌ಟೈಪ್ ಪ್ರೈಮರಿ ಎನ್ನಿ. ಸಾಕೆಟ್‌ಟೈಮ್‌ಔಟ್ ಡೀಫಾಲ್ಟ್ 0, ಅಂದರೆ ಕೊನೆಯಿಲ್ಲದ ಕಾಯುವಿಕೆ. 30 ಸೆಕೆಂಡ್ ಇಡಿ. ಅದಕ್ಕಿಂತ ಹೊತ್ತು ಹಿಡಿಯುವ ವರದಿಗಳಿಗೆ ಬೇರೆ ಕನೆಕ್ಷನ್ ಪೂಲ್ ಮಾಡಿ.

ಎರಡೇ ಯಂತ್ರ ಇರುವಾಗ ಪ್ರಮೋಟ್ ಕೆಲಸವನ್ನು (ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡುವುದನ್ನು) ಸ್ಕ್ರಿಪ್ಟ್‌ಗೆ ಬಿಡಬೇಡಿ. ನೆಟ್‌ವರ್ಕ್ ಕೇಬಲ್ ಸಡಿಲವಾದರೂ ಅದಕ್ಕೆ ಎದುರಿನ ಯಂತ್ರ ಸತ್ತಂತೆಯೇ. ಹಳೆಯ ಪ್ರೈಮರಿ ನಿಂತಿದೆ ಎಂದು ಖಾತ್ರಿ ಮಾಡಿಕೊಂಡು ಕೈಯಿಂದಲೇ ಮಾಡಿ. ಅಲ್ಲಿಯವರೆಗೆ ಹೊಸ ಬುಕಿಂಗ್ ಬರೆಯಲಾಗದು, ಅಷ್ಟು ಕಾಯುವುದೇ ಲೇಸು. ಪೋಸ್ಟ್‌ಗ್ರೆಸ್ ತಾನಾಗಿ ಶುರುವಾಗುವುದನ್ನೂ ಎರಡೂ ಕಡೆ ನಿಲ್ಲಿಸಿ. ಇಲ್ಲವಾದರೆ ಕರೆಂಟ್ ಬಂದೊಡನೆ ಹಳೆಯ ಪ್ರೈಮರಿ ಎದ್ದು, ತಾನೂ ಪ್ರೈಮರಿಯೇ ಎನ್ನುತ್ತದೆ. ಒಂದೇ ಕೋಣೆ ಇಬ್ಬರ ಪಾಲಾಗುತ್ತದೆ. ಹಳೆಯ ಪ್ರೈಮರಿಯನ್ನು ಪಿಜಿ ರಿವೈಂಡ್ ಮಾಡಿ (ಹೊಸ ಪ್ರೈಮರಿಗೆ ಹೊಂದಿಸಿ) ಸ್ಟ್ಯಾಂಡ್‌ಬೈ ಆಗಿಯೇ ಸೇರಿಸಿ. ಇದಕ್ಕೆ ಪೋಸ್ಟ್‌ಗ್ರೆಸ್ ಸೆಟ್ಟಿಂಗ್‌ಗಳಾದ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಮೊದಲೇ ಆನ್ ಆಗಿರಬೇಕು.

ಪರೀಕ್ಷೆಗೆ ಸರ್ವಿಸ್ ಸ್ಟಾಪ್ ಕೊಟ್ಟು ನೋಡಿದರೆ ಏನೂ ತಿಳಿಯದು. ಹಾಗೆ ನಿಲ್ಲಿಸಿದಾಗ ಕನೆಕ್ಷನ್‌ಗಳು ಮರ್ಯಾದೆಯಿಂದ ಮುಚ್ಚಿಕೊಳ್ಳುತ್ತವೆ. ಬುಕಿಂಗ್ ಅರ್ಧದಲ್ಲಿದ್ದಾಗ ಪವರ್ ಕೇಬಲ್ ಕಿತ್ತು ನೋಡಿ. ಮೇ ತಿಂಗಳೊಳಗೇ ಇದನ್ನು ಮುಗಿಸಿಕೊಳ್ಳಿ.