ರಾತ್ರಿ ಬಂದವರ ಕೇಸ್ ಶೀಟುಗಳು

ಉಪಶಮನ ಆರೈಕೆಯಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ವಿಭಾಗದಲ್ಲಿ, ಕೆಲಸ ಮಾಡುವ ನಮಗೆ ಬೆಳಗಿನ ರೌಂಡ್ಸಿಗೆ ಮುಂಚೆ ಆಗಾಗ ಒಂದು ಫೋನ್ ಬರುತ್ತದೆ: ‘ನಿಮ್ಮ ಪೇಷಂಟ್ ಒಬ್ಬರು ರಾತ್ರಿ ಎಮರ್ಜೆನ್ಸಿಗೆ ಬಂದಿದ್ದಾರೆ.’ ಹೋದ ವಾರವಷ್ಟೇ ಓಪಿಡಿಯಲ್ಲಿ ಕೂರಿಸಿಕೊಂಡು, ನೋವಿನ ಔಷಧ ಹೊಂದಿಸಿ, ಮನೆಯವರಿಗೆ ಎಲ್ಲ ಹೇಳಿ ಕಳಿಸಿದ್ದವರು. ಈಗ ಸ್ಟ್ರೆಚರಿನ ಮೇಲೆ, ಕೈಗೆ ಡ್ರಿಪ್, ಸುತ್ತ ಗುರುತಿಲ್ಲದ ಮುಖಗಳು. ಇವರು ಬರುವುದನ್ನು ತಪ್ಪಿಸಬಹುದಿತ್ತೇ ಎಂಬ ಪ್ರಶ್ನೆ ಹಿಡಿದುಕೊಂಡೇ ನಾನು ಅಧ್ಯಯನ ಶುರು ಮಾಡಿದೆ. ಮುಗಿಸುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿತ್ತು. ಇದೇ ಕೆಲಸಕ್ಕೆ ಕೈಹಾಕುವವರಿಗೆ ನಾನು ವ್ಯಯಿಸಿದ ತಿಂಗಳುಗಳಲ್ಲಿ ಕೆಲವಾದರೂ ಉಳಿತಾಯವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಓದಿದೆ. 2003ರಲ್ಲಿ ಕ್ರೇಗ್ ಅರ್ಲ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳ ಕೊನೆಗಾಲದ ಆರೈಕೆ ಹೇಗಿತ್ತೆಂದು ಅಳೆಯಲು ಕೆಲವು ಸೂಚಕಗಳನ್ನು ಮುಂದಿಟ್ಟರು. ಕೊನೆಯ ತಿಂಗಳಲ್ಲಿ ಮತ್ತೆ ಮತ್ತೆ ಎಮರ್ಜೆನ್ಸಿಗೆ ಬರುವುದು ಅವುಗಳಲ್ಲೊಂದು. 2010ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಿಂದ ಬಂದ ಅಧ್ಯಯನ ಕ್ಯಾನ್ಸರಿನಿಂದ ತೀರಿಕೊಂಡ 91,561 ಜನರ ದಾಖಲೆ ನೋಡಿತು. ಅವರಲ್ಲಿ 76,759 ಮಂದಿ ಕೊನೆಯ ಆರು ತಿಂಗಳಲ್ಲಿ ಒಮ್ಮೆಯಾದರೂ ಎಮರ್ಜೆನ್ಸಿಗೆ ಬಂದಿದ್ದರು. ಹೊಟ್ಟೆನೋವು, ಉಸಿರಾಟದ ಕಷ್ಟ, ನ್ಯುಮೋನಿಯಾ, ಸುಸ್ತು, ಶ್ವಾಸಕೋಶದ ಸುತ್ತ ನೀರು ತುಂಬುವುದು ಮುಖ್ಯ ಕಾರಣಗಳು. 2012ರಲ್ಲಿ ಅಮೆರಿಕದ ವೃದ್ಧರ ಬಗ್ಗೆ ಬಂದ ಅಧ್ಯಯನದಲ್ಲಿ 51 ಶೇಕಡಾ ಜನ ಬದುಕಿನ ಕೊನೆಯ ತಿಂಗಳಲ್ಲಿ ಎಮರ್ಜೆನ್ಸಿ ಕಂಡಿದ್ದರು. ಸಾವಿಗೆ ಒಂದು ತಿಂಗಳಾದರೂ ಮುಂಚೆ ಹಾಸ್ಪಿಸ್ (ಕೊನೆಗಾಲದ ಆರೈಕೆಯ ವ್ಯವಸ್ಥೆ) ಸೇರಿದವರಲ್ಲಿ ಆ ಪ್ರಮಾಣ 10 ಶೇಕಡಾಕ್ಕಿಂತ ಕಡಿಮೆ.

ಎಷ್ಟು ಜನ ಎಂಬುದು ಇದರಿಂದ ತಿಳಿಯಿತು. ನನಗೆ ಬೇಕಿದ್ದುದು, ಆ ರಾತ್ರಿ ಆ ಮನೆಯಲ್ಲಿ ಏನಾಯಿತು ಎಂಬುದು.

ಯಾರನ್ನು ಎಣಿಸಬೇಕು ಎಂಬಲ್ಲೇ ಮೊದಲ ತೊಡಕು. ತೀರಿಕೊಂಡವರ ಪಟ್ಟಿ ಹಿಡಿದು ಹಿಂದಕ್ಕೆ ಎಣಿಸಿಕೊಂಡು ಹೋಗುವುದು ಸುಲಭ. ಆದರೆ ಆ ರಾತ್ರಿ ಬಾಗಿಲಲ್ಲಿ ನಿಂತ ಡಾಕ್ಟರಿಗೆ ಇದು ಕೊನೆಯ ತಿಂಗಳೆಂದು ಹೇಗೆ ಗೊತ್ತಾಗಬೇಕು? ಅದೇ ಲಕ್ಷಣಗಳೊಂದಿಗೆ ಬಂದು, ಗುಣಮುಖರಾಗಿ ಮನೆಗೆ ಹೋದವರು ಆ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಹಾಗಾಗಿ ನಮ್ಮಲ್ಲಿ ಹೆಸರು ನೋಂದಾಯಿಸಿದ ದಿನದಿಂದ ಮುಂದಕ್ಕೆ ಎಣಿಸಲು ನಿರ್ಧರಿಸಿದೆ. ಆಗ ಇನ್ನೊಂದು ಸಮಸ್ಯೆ ಬಂತು. ಸಾವಿಗೆ ಎರಡು ದಿನ ಮುಂಚೆ ನಮ್ಮಲ್ಲಿಗೆ ಬಂದವರು ಎಮರ್ಜೆನ್ಸಿಗೆ ಹೋಗಲು ಉಳಿದದ್ದೇ ಎರಡು ದಿನ. ಅವರನ್ನು ಆರು ತಿಂಗಳು ನಮ್ಮ ಜೊತೆಗಿದ್ದವರ ಪಕ್ಕಕ್ಕಿಟ್ಟು ‘ಇವರು ಕಡಿಮೆ ಬಂದರು’ ಎಂದರೆ ಅದು ಲೆಕ್ಕವಲ್ಲ. ವಾರ್ಡಿನಲ್ಲಿ ಅಡ್ಮಿಟ್ ಆಗಿದ್ದ ದಿನಗಳಲ್ಲೂ ಯಾರೂ ಎಮರ್ಜೆನ್ಸಿಗೆ ಬರಲಾರರು. ಕಡೆಗೆ ತಲೆಗೆ ಎಷ್ಟು ಭೇಟಿ ಎಂಬುದನ್ನು ಬಿಟ್ಟು, ಮನೆಯಲ್ಲಿ ಕಳೆದ ದಿನಗಳಿಗೆ ಎಷ್ಟು ಭೇಟಿ ಎಂದು ಲೆಕ್ಕ ಹಾಕಿದೆ. ಈ ಒಂದು ತೀರ್ಮಾನಕ್ಕೆ ಸಂಖ್ಯಾಶಾಸ್ತ್ರ ಬಲ್ಲವರೊಬ್ಬರ ಜೊತೆ ಮೂರು ಸಲ ಕೂತಿದ್ದೇನೆ. ಮೊದಲ ದಿನವೇ ಹೋಗಿ ಕೂರಬೇಕಿತ್ತು.

ಎರಡನೆಯದು ಡಿಸ್ಚಾರ್ಜ್ ಸಮ್ಮರಿಯ ಮೋಸ. ಕಂಪ್ಯೂಟರಿನಲ್ಲಿ ಸಿಗುವುದು ಕೊನೆಗೆ ಹಾಕಿದ ಡಯಾಗ್ನೋಸಿಸ್ ಕೋಡು. ‘ನ್ಯುಮೋನಿಯಾ’ ಎಂದಿರುತ್ತದೆ. ಅದೇ ಕೇಸ್ ಶೀಟಿನ ಮೊದಲ ಪುಟ ತೆಗೆದರೆ ಟ್ರಯಾಜ್ ನರ್ಸ್, ಅಂದರೆ ಬಂದವರನ್ನು ಮೊದಲು ನೋಡಿ ಯಾರಿಗೆ ತುರ್ತೆಂದು ವಿಂಗಡಿಸುವವರು, ಅವಸರದಲ್ಲಿ ಗೀಚಿದ ಒಂದು ಸಾಲು: ‘ಎರಡು ದಿನದಿಂದ ಏನೂ ಸೇರುತ್ತಿಲ್ಲ, ಮನೆಯವರು ತುಂಬಾ ಹೆದರಿದ್ದಾರೆ.’ ಕೋಡಿನಲ್ಲಿ ‘ಹೊಟ್ಟೆನೋವು’, ಒಳಗೆ ನೋಡಿದರೆ ಎಂಟು ದಿನದಿಂದ ಮಲವಿಸರ್ಜನೆಯಾಗಿಲ್ಲ, ಮಾರ್ಫಿನ್ ಬರೆದ ಚೀಟಿಯಲ್ಲಿ ಮಲಬದ್ಧತೆಗೆ ಔಷಧವಿಲ್ಲ. ನೋವಿಗೆ ಕೊಡುವ ಮಾರ್ಫಿನ್ ಮಲಬದ್ಧತೆ ತರುತ್ತದೆ; ಅದನ್ನು ಬರೆದ ಕೈ ಮಲಬದ್ಧತೆಯ ಔಷಧವನ್ನೂ ಬರೆಯಬೇಕೆಂದು ನಮ್ಮಲ್ಲಿ ಎಲ್ಲರಿಗೂ ಹೇಳಿಕೊಡುತ್ತೇವೆ. ಆ ಚೀಟಿ ನಮ್ಮ ಓಪಿಡಿಯದೇ. ಅಂದಿನಿಂದ ಕೋಡುಗಳನ್ನು ಬದಿಗಿಟ್ಟು ಟ್ರಯಾಜ್ ಸಾಲುಗಳನ್ನೇ ಪದಶಃ ಬರೆದುಕೊಳ್ಳತೊಡಗಿದೆ. ನಿಧಾನದ ಕೆಲಸ. ಆದರೆ ಯಾಕೆ ಬಂದರು ಎಂಬುದಕ್ಕೆ ಉತ್ತರವಿದ್ದುದು ಅಲ್ಲಿಯೇ.

ಪ್ರತಿ ಭೇಟಿಯನ್ನೂ ‘ತಪ್ಪಿಸಬಹುದಿತ್ತು’, ‘ತಪ್ಪಿಸಲಾಗುತ್ತಿರಲಿಲ್ಲ’ ಎಂದು ಇಬ್ಬರು ಬೇರೆ ಬೇರೆಯಾಗಿ ಗುರುತಿಸುವುದೆಂದು ಯೋಜನೆ. ಒಬ್ಬ ನಾನು, ಇನ್ನೊಬ್ಬರು ಎಮರ್ಜೆನ್ಸಿಯ ಹಿರಿಯ ಸಹೋದ್ಯೋಗಿ. ಇಬ್ಬರ ಹೊಂದಾಣಿಕೆಯನ್ನು ಕಪ್ಪಾ ಎಂಬ ಅಳತೆಯಿಂದ ನೋಡುತ್ತಾರೆ. ಕಾಕತಾಳೀಯವಾಗಿ ಒಂದೇ ಗುರುತು ಬೀಳುವುದನ್ನು ಅದು ಕಳೆದು ಹೇಳುತ್ತದೆ. ನೋವು ಇತ್ತೇ, ಉಸಿರಾಟದ ಕಷ್ಟ ಇತ್ತೇ ಎಂಬಲ್ಲೆಲ್ಲ ನಾವು ಚೆನ್ನಾಗಿ ಹೊಂದುತ್ತಿದ್ದೆವು. ‘ತಪ್ಪಿಸಬಹುದಿತ್ತು’ ಎಂಬಲ್ಲಿ ಮಾತ್ರ ಹೊಂದಾಣಿಕೆ ಕುಸಿದುಬಿತ್ತು. ಒಂದು ಸಂಜೆ ಹಾಳೆಗಳನ್ನು ಹರಡಿಕೊಂಡು ವಾದಕ್ಕೇ ಕೂತೆವು.

‘ಇವರಿಗೆ ಸೋಂಕೇನೂ ಇರಲಿಲ್ಲ, ನೋಡಿ. ರಕ್ತಪರೀಕ್ಷೆ ಎಲ್ಲ ಸರಿಯಿದೆ. ಮನೆಯಲ್ಲೇ ನೋಡಿಕೊಳ್ಳಬಹುದಿತ್ತಲ್ಲ, ಸರ್?’ ಎಂದೆ.

‘ನಿಮ್ಮ ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿ ಇದೆ. ಆ ರಾತ್ರಿ ನನ್ನ ಕೈಯಲ್ಲಿ ಅದು ಇರಲಿಲ್ಲ. ಅವರ ಮಗನ ಕೈಯಲ್ಲಂತೂ ಏನೂ ಇರಲಿಲ್ಲ’ ಎಂದರು.

ಮನೆಗೆ ಹೋಗಿ ಮಲಗಿದರೂ ಆ ಮಾತು ತಲೆಯಿಂದ ಹೋಗಲಿಲ್ಲ. ಮಾರನೆಯ ವಾರವೇ ಎಥಿಕ್ಸ್ ಕಮಿಟಿಗೆ ಹೊಸ ಅರ್ಜಿ ಬರೆದೆ: ಕಾಗದ ಸಾಲದು, ಮನೆಯವರನ್ನು ಮಾತಾಡಿಸಬೇಕು. ಸಾವಾದ ಕೂಡಲೇ ಯಾರನ್ನೂ ಕೇಳಬಾರದು, ಕೆಲವು ವಾರ ಬಿಡಬೇಕು. ಮೊದಲು ಪತ್ರ, ಆಮೇಲೆ ಫೋನ್. ಅವರು ಅತ್ತರೆ ರೆಕಾರ್ಡಿಂಗ್ ನಿಲ್ಲಿಸಬೇಕು, ಮುಂದುವರಿಸುವುದೋ ಬೇಡವೋ ಅವರೇ ಹೇಳಬೇಕು. ಇಷ್ಟೂ ಮೊದಲೇ ಬರೆದುಕೊಟ್ಟ ಮೇಲೆ ಅನುಮತಿ ಸಿಕ್ಕಿತು.

ಒಬ್ಬ ಹೆಣ್ಣುಮಗಳು ತಂದೆಯ ಔಷಧದ ಡಬ್ಬಿಯನ್ನೇ ತಂದಿದ್ದಳು. ಮೇಜಿನ ಮೇಲೆ ಒಂದೊಂದಾಗಿ ತೆಗೆದಿಟ್ಟಳು. ಮಾರ್ಫಿನ್ ಬಾಟಲಿಯ ಮುಚ್ಚಳದ ಸೀಲು ಒಡೆದೇ ಇರಲಿಲ್ಲ. ಚೀಟಿಯಲ್ಲಿ ನನ್ನದೇ ಅಕ್ಷರ: ‘ನೋವು ಹೆಚ್ಚಾದಾಗ ಕೊಡುವುದು.’ ಹೆಚ್ಚೆಂದರೆ ಎಷ್ಟು, ಮತ್ತೆ ಎಷ್ಟು ಹೊತ್ತಿಗೆ ಕೊಡಬಹುದು, ಅದರಲ್ಲಿ ಒಂದೂ ಇಲ್ಲ.

‘ಯಾಕಮ್ಮ, ಒಂದು ಸಲವೂ ಕೊಡಲಿಲ್ಲವಾ?’ ಎಂದು ಮೆಲ್ಲಗೆ ಕೇಳಿದೆ.

‘ಡಾಕ್ಟ್ರೇ, ಇದನ್ನು ಕೊಟ್ಟ ಮೇಲೆ ಅಪ್ಪ ಹೋಗಿಬಿಟ್ಟರೆ ನಾನೇ ಕೊಂದ ಹಾಗೆ ಆಗಲ್ವಾ ಅಂತ... ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಆಮೇಲೆ ಕಾರ್ಡಿನಲ್ಲಿದ್ದ ನಿಮ್ಮ ನಂಬರಿಗೆ ಮಾಡಿದೆ. ರಿಂಗ್ ಆಗ್ತಾನೇ ಇತ್ತು.’

ನಾವು ಎಲ್ಲರಿಗೂ ಕೊಡುತ್ತಿದ್ದ ಕಾರ್ಡಿನ ನಂಬರು ಓಪಿಡಿಯ ಫೋನಿನದು. ಸಂಜೆ ಬಾಗಿಲು ಹಾಕಿದ ಮೇಲೆ ಅದು ಖಾಲಿ ಕೋಣೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಇದು ಯಾವ ಕೇಸ್ ಶೀಟಿನಲ್ಲೂ ಬರೆದಿರಲಿಲ್ಲ. ನನ್ನ ಹಾಳೆಯಲ್ಲಿ ಆ ಭೇಟಿಯ ಮುಂದೆ ‘ತಪ್ಪಿಸಬಹುದಿತ್ತು’ ಎಂದಿತ್ತು, ಆ ಮಗಳೇ ತಪ್ಪಿಸಬೇಕಿತ್ತು ಎನ್ನುವ ಹಾಗೆ.

ಇನ್ನೊಂದು ಮನೆಯ ಕಥೆ ಇದಕ್ಕಿಂತ ನೋಯಿಸಿತು. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ್ದ ಗೃಹಸ್ಥರು. ಕಾಲುಗಳಲ್ಲಿ ಬಲವಿಲ್ಲವೆಂದು ಶನಿವಾರ ಹೆಂಡತಿಗೆ ಹೇಳಿದ್ದರು. ‘ಸುಮ್ಮಸುಮ್ಮನೆ ಎಮರ್ಜೆನ್ಸಿಗೆ ಓಡಬೇಡಿ ಅಂತ ನೀವೇ ಹೇಳಿದ್ದಿರಲ್ಲ’ ಎಂದು ಆಕೆ ಸೋಮವಾರದವರೆಗೆ ಕಾದರು. ಬೆನ್ನುಹುರಿ ಒತ್ತಿಹೋಗುತ್ತಿದ್ದರೆ ಗಂಟೆಗಳ ಲೆಕ್ಕ. ಊತ ಇಳಿಸುವ ಡೆಕ್ಸಾಮೆಥಾಸೋನ್, ಎಂಆರ್‌ಐ, ರೇಡಿಯೇಷನ್ ಅಥವಾ ಆಪರೇಷನ್ ಎಲ್ಲವೂ ಬೇಗ ಆಗಬೇಕು. ಚಿಕಿತ್ಸೆ ಶುರುವಾಗುವಾಗ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು. ಕಾಲು ಪೂರ್ತಿ ಬಿದ್ದ ಮೇಲೆ ಬಂದವರಿಗೆ ಆ ಭರವಸೆ ಕೊಡುವುದು ಕಷ್ಟ. ಅವರು ಬಂದದ್ದು ವೀಲ್‌ಚೇರಿನಲ್ಲಿ. ಆ ಮಾತನ್ನು ನಾನು ಹೇಳಿದ್ದು ನಿಜ, ಒಳ್ಳೆಯದಕ್ಕೆಂದೇ ಹೇಳಿದ್ದೆ.

ಅಲ್ಲಿಗೆ ‘ತಪ್ಪಿಸಬಹುದಾದ ಭೇಟಿ’ ಎಂಬ ಕಾಲಂ ತೆಗೆದುಹಾಕಿದೆ. ಅದರ ಜಾಗದಲ್ಲಿ ‘ಆ ಹೊತ್ತಿಗೆ ಮನೆಯಲ್ಲಿ ಏನು ಇರಲಿಲ್ಲ?’ ಎಂದು ಬರೆದು, ಎಲ್ಲ ಹಾಳೆಗಳನ್ನೂ ಮೊದಲಿನಿಂದ ಓದಿದೆವು. ಔಷಧ ಇರಲಿಲ್ಲ, ಔಷಧವಿದ್ದರೂ ಧೈರ್ಯ ಇರಲಿಲ್ಲ, ಕೇಳಲು ಯಾರೂ ಇರಲಿಲ್ಲ, ನೋಡಿಕೊಳ್ಳುವವರಿಗೆ ಮೂರು ರಾತ್ರಿಯಿಂದ ನಿದ್ದೆ ಇರಲಿಲ್ಲ. ಕೆಲವು ಹಾಳೆಗಳಲ್ಲಿ ಉತ್ತರ ‘ಏನೂ ಕಡಿಮೆ ಇರಲಿಲ್ಲ, ಆಸ್ಪತ್ರೆಯೇ ಬೇಕಿತ್ತು’. ಎದೆಯಲ್ಲಿ ತುಂಬಿದ ನೀರು ತೆಗೆಯಬೇಕಿತ್ತು, ಕೀಮೋ ಆದ ಮೇಲೆ 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರವಿತ್ತು. ಈ ಸಲ ನಾವಿಬ್ಬರೂ ಬೇರೆ ಬೇರೆಯಾಗಿ ಬರೆದದ್ದು ಬಹುತೇಕ ಒಂದೇ ಆಗಿತ್ತು.

ನಂತರ ನಮ್ಮಲ್ಲಿ ಬದಲಾದದ್ದು ಸಣ್ಣ ಸಂಗತಿಗಳು. ರಾತ್ರಿ ಫೋನು ಈಗ ಸರದಿಯ ಮೇಲೆ ಒಬ್ಬ ನರ್ಸ್ ಕೈಯಲ್ಲಿರುತ್ತದೆ. ಮಧ್ಯೆ ನೋವು ಉಕ್ಕಿದಾಗ ಕೊಡುವ ಮಾರ್ಫಿನನ್ನು, ಸಾಮಾನ್ಯವಾಗಿ ಇಡೀ ದಿನದ ಡೋಸಿನ ಹತ್ತನೇ ಒಂದರಿಂದ ಆರನೇ ಒಂದು ಭಾಗ, ಮಿಲಿಲೀಟರಿನಲ್ಲಿ ಲೆಕ್ಕಮಾಡಿ ಬರೆಯುತ್ತೇವೆ. ಮೊದಲ ಡೋಸನ್ನು ಮನೆಯವರ ಕೈಯಿಂದಲೇ ನಮ್ಮೆದುರು ಕೊಡಿಸುತ್ತೇವೆ; ಸೀಲು ಓಪಿಡಿಯಲ್ಲೇ ಒಡೆಯುತ್ತದೆ. ಯಾವ ಲಕ್ಷಣ ಕಂಡರೆ ಯಾರನ್ನೂ ಕೇಳದೆ ಹೊರಡಬೇಕೆಂಬುದು ಕಾರ್ಡಿನ ಮೇಲುಗಡೆ ದೊಡ್ಡ ಅಕ್ಷರದಲ್ಲಿದೆ. ಎಮರ್ಜೆನ್ಸಿಯವರಿಗೆ ತೋರಿಸಲು ಒಂದು ಪುಟದ ಟಿಪ್ಪಣಿ ಬೇರೆ: ಕಾಯಿಲೆ ಎಲ್ಲಿಗೆ ಬಂದಿದೆ, ಏನೇನು ಕೊಡುತ್ತಿದ್ದೇವೆ, ರೋಗಿಗೆ ಏನು ಬೇಕು, ಏನು ಬೇಡ.

ಭೇಟಿಗಳು ಕಡಿಮೆಯಾದವೇ ಎಂದು ಆಡಳಿತದವರು ಕೇಳುತ್ತಲೇ ಇದ್ದಾರೆ. ಮೊದಲು ಮತ್ತು ನಂತರ ಎಂದು ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ತೋರಿಸಲು ನಾನು ಒಪ್ಪಿಲ್ಲ. ಈ ನಡುವೆ ರೋಗಿಗಳು ಬದಲಾಗಿದ್ದಾರೆ, ಮೊದಲಿಗಿಂತ ಬೇಗ ನಮ್ಮಲ್ಲಿಗೆ ಬರುತ್ತಿದ್ದಾರೆ; ಹೋಲಿಕೆ ಪಕ್ಕಾ ಆಗಬೇಕಾದರೆ ಬೇರೆಯದೇ ಅಧ್ಯಯನ ಬೇಕು, ಅದರ ಪ್ರೊಟೊಕಾಲ್ ಬರೆಯುತ್ತಿದ್ದೇವೆ. ಅದರಲ್ಲಿ ನಾವು ಎಣಿಸುವ ಮೊದಲ ಸಂಗತಿ, ರಾತ್ರಿ ಬಂದ ಕರೆಯನ್ನು ಎಷ್ಟನೇ ರಿಂಗಿಗೆ ಎತ್ತಿದರು ಎಂಬುದು.