ಬೆಟ್ಟದ ಮೇಲೆ ಕಾಲು ಮುರಿದರೆ: ಕೋಲು ಆಮೇಲೆ, ಮೆತ್ತೆ ಮೊದಲು

ಭಾನುವಾರ ಬೆಳಿಗ್ಗೆ ಅರ್ಧ ಬೆಂಗಳೂರು ಯಾವುದಾದರೂ ಬೆಟ್ಟದ ಮೇಲಿರುತ್ತದೆ. ಸಾವನದುರ್ಗದಲ್ಲಿ ಒಮ್ಮೆ ನನ್ನ ಕಣ್ಣೆದುರೇ ಒಬ್ಬ ಹುಡುಗ ಜಾರಿ ಬಿದ್ದ. ಜೊತೆಗಿದ್ದವರು ರಟ್ಟೆ ಹಿಡಿದು ಎಬ್ಬಿಸಿದರು. "ನಡಿ ಗುರು, ನಡೆದ್ರೆ ಸರಿಹೋಗುತ್ತೆ" ಅಂದರು. ಸರಿಹೋಗಲಿಲ್ಲ. ನೋವಿನ ಸ್ಪ್ರೇ ಹೊಡೆದು ತಿಕ್ಕಿದರು. ಅವನು ಕಿರುಚಿದ. ಕೊನೆಗೆ ಒಂದು ಒಣ ಕೊಂಬೆಯನ್ನು ಬರಿಗಾಲಿಗೆ ಒತ್ತಿಟ್ಟು ಬ್ಯಾಗಿನ ದಾರದಿಂದ ಬಿಗಿದರು. ಸ್ವಲ್ಪ ಹೊತ್ತಿಗೇ ಕಾಲ್ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು. ಎಲ್ಲರದ್ದೂ ಒಳ್ಳೇ ಮನಸ್ಸೇ. ಕಟ್ಟಿದ ರೀತಿ ಮಾತ್ರ ಪೂರಾ ತಪ್ಪು.

ಈ ಲೇಖನ ಪಾದದ ಗಂಟಿನ ಪೆಟ್ಟಿಗೆ ಮಾತ್ರ. ತಲೆಗೆ, ಕುತ್ತಿಗೆಗೆ, ಬೆನ್ನಿಗೆ ಪೆಟ್ಟಾಗಿದೆ ಅನಿಸಿದರೆ ಬಿದ್ದಲ್ಲೇ ಮಲಗಿರಲಿ, ಅಲುಗಾಡಿಸಬೇಡಿ, ಸಹಾಯಕ್ಕೆ ಕರೆ ಮಾಡಿ.

1. ಕೂರಿಸಿ, ಕೇಳಿ

ಮತ್ತೆ ಜಾರದ ಜಾಗದಲ್ಲಿ ಕೂರಿಸಿ. ರಕ್ತ ಸುರಿಯುತ್ತಿದ್ದರೆ ಮೊದಲು ಅದನ್ನು ಒತ್ತಿ ಹಿಡಿದು ನಿಲ್ಲಿಸಿ. ಮೂಳೆ ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ, ಚೊಕ್ಕ ಬಟ್ಟೆ ಮುಚ್ಚಿ. ಮುರಿತವೋ ಉಳುಕೋ ಎಂದು ವಾದಕ್ಕೆ ಕೂರಬೇಡಿ. ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲು ಆಗಲ್ಲ ಅಂದರೆ ಮುರಿತ ಎಂದೇ ತಿಳಿದು ಮುಂದುವರಿಯಿರಿ. ಬಲವಂತವಾಗಿ ನಡೆಸಿ ನೋಡುವುದು ಬೇಡ.

2. ಶೂ ಬಿಚ್ಚಿ, ಕಾಲುಂಗುರ ತೆಗೆಯಿರಿ

ಶೂ ಇರಲಿ ಎನ್ನುವವರಿದ್ದಾರೆ. ನಾನು ತೆಗೆಸುವವರ ಕಡೆ. ಬೆರಳು ಕಾಣದಿದ್ದರೆ ರಕ್ತ ಓಡುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಬರೀ ಉಳುಕಾಗಿ ಅವರೇ ನಡೆದು ಇಳಿಯುವ ಹಾಗಿದ್ದರೆ ಮಾತ್ರ ಶೂ ಬಿಚ್ಚಬೇಡಿ, ಊದಿದ ಕಾಲಿಗೆ ಅದು ಮತ್ತೆ ಹತ್ತುವುದಿಲ್ಲ. ಉಳಿದವರಿಗೆಲ್ಲ ಲೇಸನ್ನು ಪೂರ್ತಿ ಕಳಚಿ, ಒಬ್ಬರು ಕಾಲನ್ನು ಅಲುಗದಂತೆ ಹಿಡಿದಿರಲಿ, ಇನ್ನೊಬ್ಬರು ಮೆಲ್ಲಗೆ ಎಳೆಯಲಿ. ಬರಲಿಲ್ಲವಾ, ಕತ್ತರಿಸಿ. ಐದು ಸಾವಿರದ ಶೂ ಎಂದು ಅಳುವ ಹೊತ್ತಲ್ಲ.

ಕಾಲುಂಗುರ, ಗೆಜ್ಜೆ ಈಗಲೇ ತೆಗೆಯಬೇಕು. ಅರ್ಧ ಗಂಟೆ ಕಳೆದರೆ ಊತದಲ್ಲಿ ಹೂತುಹೋಗುತ್ತವೆ.

3. ಬೆರಳು ನೋಡಿ

ಹೆಬ್ಬೆರಳನ್ನು ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಸುಮಾರು 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಎರಡೂ ಕಾಲನ್ನು ಹೋಲಿಸಿ ನೋಡಿ. ಮುಟ್ಟಿದ್ದು ಗೊತ್ತಾಗುತ್ತಾ, ಬೆರಳು ಆಡಿಸಲು ಆಗುತ್ತಾ ಕೇಳಿ. ಸಮಯ ಬರೆದಿಡಿ. ಕಟ್ಟಿದ ಮೇಲೆ ಇದೇ ಪರೀಕ್ಷೆ ಮತ್ತೆ ಇದೆ.

4. ಕಟ್ಟುವುದು

ಎಲ್ಲರೂ ಕೆಡಿಸುವುದು ಇಲ್ಲೇ. ನಮ್ಮಲ್ಲಿ ಕಟ್ಟು ಅಂದರೆ ಪುತ್ತೂರು ಕಟ್ಟು ನೆನಪಾಗುತ್ತದೆ. ಬೆಟ್ಟದ ಮೇಲೆ ಬೇಕಿರುವುದು ಮೂಳೆ ಕೂಡಿಸುವ ಕಟ್ಟಲ್ಲ. ಆಸ್ಪತ್ರೆ ತಲುಪುವವರೆಗೆ ಅಲುಗದಂತೆ ಇಡುವ ಕಟ್ಟು, ಅಷ್ಟೇ. ಹಾಗಾಗಿ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಇದ್ದ ಹಾಗೇ ಆಧರಿಸಿ.

ಕೋಲಿಗಿಂತ ಮೆತ್ತೆ ಮುಖ್ಯ. ಕಾಲು ಪೈಪಿನ ಹಾಗೆ ನೇರ ಇಲ್ಲ. ಮೀನಖಂಡ ಉಬ್ಬಿದೆ, ಗಂಟಿನ ಮೇಲೆ ತೆಳ್ಳಗಿದೆ, ಗಂಟಿನ ಎರಡೂ ಮಗ್ಗುಲಿಗೆ ಮೂಳೆ ಎದ್ದಿದೆ. ನೇರ ಕೋಲು ಉಬ್ಬಿನ ಮೇಲೆ ಕೂರುತ್ತದೆ, ಹಳ್ಳದಲ್ಲಿ ಗಾಳಿ ಉಳಿಯುತ್ತದೆ. ಆ ಗಾಳಿಯಷ್ಟು ಜಾಗದಲ್ಲಿ ಮೂಳೆ ಆಡುತ್ತದೆ. ಆದ್ದರಿಂದ ಹಳ್ಳ ತುಂಬಿ. ಸಾಕ್ಸ್, ಟವೆಲ್, ಜರ್ಕಿನ್ನಿನ ತೋಳು, ಏನಾದರೂ ಸರಿ. ಎದ್ದಿರುವ ಮೂಳೆಯ ಮೇಲೆ ತುರುಕಬೇಡಿ, ಸುತ್ತ ಇಡಿ.

ಇನ್ನು ಗಟ್ಟಿ ಭಾಗ. ನನಗಂತೂ ಫೋಮ್ ಚಾಪೆಯೇ ಇಷ್ಟ. ಉದ್ದಕ್ಕೆ ಮಡಚಿ, ಅಂಗಾಲಿನ ಕೆಳಗಿಂದ ಹಾಯಿಸಿ, ಎರಡೂ ಬದಿ ಮೀನಖಂಡದವರೆಗೆ ಏರಿಸಿ. ಕುದುರೆಯ ರಿಕಾಪಿನಲ್ಲಿ ಕಾಲಿಟ್ಟ ಹಾಗೆ ಇರಬೇಕು. ಚಾಪೆ ಇಲ್ಲದಿದ್ದರೆ ನಾಲ್ಕೈದು ದಿನಪತ್ರಿಕೆ ಒತ್ತಾಗಿ ಮಡಚಿದರೂ ಆಗುತ್ತದೆ. ಅಲ್ಯೂಮಿನಿಯಂ ಹಾಳೆಗೆ ಫೋಮ್ ಹಚ್ಚಿದ ಸ್ಯಾಮ್ ಸ್ಪ್ಲಿಂಟ್ ಒಂದು ಬ್ಯಾಗಿನಲ್ಲಿದ್ದರೆ ಇನ್ನೂ ಒಳ್ಳೆಯದು. ನೋವು ಗಂಟಿಗಿಂತ ಮೇಲೆ, ಕಾಲಿನ ನಡುವೆ ಇದ್ದರೆ ಕಟ್ಟು ಮಂಡಿ ದಾಟಿ ತೊಡೆಯವರೆಗೆ ಹೋಗಬೇಕು.

ಕಟ್ಟಲು ದುಪಟ್ಟಾ, ಪಂಚೆಯಂಥ ಅಗಲದ ಬಟ್ಟೆ ಬೇಕು. ದಾರ, ಲೇಸು, ಕೇಬಲ್ ಟೈ ಬೇಡವೇ ಬೇಡ. ಒಂದು ಕಟ್ಟು ಮೀನಖಂಡಕ್ಕೆ, ಒಂದು ಗಂಟಿಗಿಂತ ಮೇಲೆ, ಇನ್ನೊಂದು ಪಾದ ಬಳಸಿ ಇಂಗ್ಲಿಷಿನ ಎಂಟರ ಹಾಗೆ. ನೋವಿರುವ ಜಾಗದ ನೇರಕ್ಕೆ ಬಟ್ಟೆಯ ಗಂಟು ಬೇಡ. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಕೈಗೆ ಒಂದು ಮೂಳೆಯ ಗುಬುಟು ಸಿಗುತ್ತದೆ. ನಿಮ್ಮ ಕಾಲಲ್ಲೇ ಮುಟ್ಟಿ ನೋಡಿ. ಅದರ ಪಕ್ಕ ಒಂದು ನರ ಚರ್ಮಕ್ಕೆ ಹತ್ತಿರದಲ್ಲೇ ಹಾಯುತ್ತದೆ. ಅಲ್ಲಿ ಬಿಗಿದರೆ ಪಾದ ಮೇಲೆತ್ತುವ ಶಕ್ತಿಯೇ ಹೋಗಬಹುದು.

ಈಗ ಬೆರಳು ಮತ್ತೆ ನೋಡಿ. ತಣ್ಣಗಾಗಿದೆಯಾ, ಜುಮ್ಮೆನ್ನುತ್ತಾ, ಸಡಿಲಿಸಿ. ಊತ ಏರುತ್ತಲೇ ಇರುತ್ತದೆ, ಹಾಗಾಗಿ ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು. ಆ ಹುಡುಗನ ಕಾಲಿಗೆ ನಾವು ಮಾಡಿದ್ದೂ ಇಷ್ಟೇ: ದಾರ ಬಿಚ್ಚಿ, ಎರಡು ಟೀ ಶರ್ಟು ತುಂಬಿ, ಚಾಪೆ ಸುತ್ತಿದೆವು. ಬೆರಳಿಗೆ ಬಣ್ಣ ಬಂತು. ಅವನು ನೀರು ಕೇಳಿದ.

ಅಂದಹಾಗೆ, ಆನ್‌ಲೈನಿನಲ್ಲಿ ಸಿಗುವ ನೂರು ಐಟಂನ ಪ್ರಥಮ ಚಿಕಿತ್ಸೆ ಪೆಟ್ಟಿಗೆ ದಂಡ. ತೊಂಬತ್ತು ಐಟಂ ಚಿಕ್ಕ ಚಿಕ್ಕ ಪ್ಲಾಸ್ಟರುಗಳೇ. ಕತ್ತರಿ ಜೀನ್ಸನ್ನಲ್ಲ, ಪೇಪರನ್ನೂ ಕತ್ತರಿಸಲ್ಲ. ಅದೇ ದುಡ್ಡಿಗೆ ಸರ್ಜಿಕಲ್ ಅಂಗಡಿಯಲ್ಲಿ 15 ಸೆಂ.ಮೀ. ಅಗಲದ ಎರಡು ಕ್ರೇಪ್ ಬ್ಯಾಂಡೇಜು, ಒಂದು ಗಟ್ಟಿ ಕತ್ತರಿ ಕೊಳ್ಳಿ.

5. ಕರೆ ಮಾಡಿ

112 ಅಥವಾ 108. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಸಿಕ್ಕರೆ ಕರೆ ಹೋಗುತ್ತದೆ. ಕರೆ ನಿಲ್ಲದ ಕಡೆ ಎಸ್ಸೆಮ್ಮೆಸ್ ದಾಟಬಹುದು, ಕೆಳಗಿರುವ ಗೆಳೆಯರಿಗೆ ನೀವಿರುವ ಜಾಗ ತೋರಿಸುವ ಮ್ಯಾಪಿನ ಅಂಕಿ ಕಳಿಸಿ. "ಬೆಟ್ಟದ ಮೇಲಿದ್ದೀವಿ" ಅಂದರೆ ಯಾರಿಗೂ ಗೊತ್ತಾಗಲ್ಲ. ಕುಮಾರ ಪರ್ವತವಾದರೆ ದಾರಿಯಲ್ಲಿ ಸಿಗುವ ಭಟ್ಟರ ಮನೆಯಿಂದ ಎಷ್ಟು ಮೇಲೆ, ಯಾವ ಕಡೆಯ ದಾರಿ, ಎಷ್ಟು ಜನ ಇದ್ದೀರಿ ಹೇಳಿ.

6. ಇಳಿಸುವುದು

ಹೆಗಲ ಮೇಲೆ ಹೊತ್ತು ಇಳಿಯುವುದು ಸಿನಿಮಾಗೇ ಇರಲಿ. ಸಾವನದುರ್ಗದಂಥ ನುಣುಪು ಬಂಡೆಯಲ್ಲಿ ಹೊತ್ತವನು ಜಾರಿದರೆ ಇಬ್ಬರಿಗೆ ಕಟ್ಟಬೇಕಾಗುತ್ತದೆ. ಮಟ್ಟವಾದ ದಾರಿಯಲ್ಲೇ ಸ್ಟ್ರೆಚರ್ ಹೊರಲು ಆರು ಜನ ಬೇಕು, ದೂರ ಇದ್ದರೆ ಬದಲಿಗೆ ಇನ್ನೂ ಆರು. ಅಷ್ಟು ಜನ ಇಲ್ಲದಿದ್ದರೆ ಅಲ್ಲೇ ಕಾಯಿರಿ. ಕೆಳಗೆ ಬ್ಯಾಗು ಹಾಸಿ, ಬೆವರಿನ ಬಟ್ಟೆ ಬದಲಿಸಿ, ಗಾಳಿಗೆ ಮರೆ ಮಾಡಿ. ಬಿಸಿಲಿದ್ದರೂ ಪೆಟ್ಟು ತಿಂದು ಕೂತವರಿಗೆ ಬೇಗ ಚಳಿ ಹತ್ತುತ್ತದೆ.

ಆಂಬುಲೆನ್ಸಿನವರು ಬಂದಾಗ ಮೂರು ಸಮಯ ಹೇಳಿ: ಬಿದ್ದದ್ದು, ಕಟ್ಟಿದ್ದು, ಕೊನೆಗೆ ಬೆರಳು ನೋಡಿದ್ದು. ಮಾತ್ರೆ ಕೊಟ್ಟಿದ್ದರೆ ಅದನ್ನೂ ಹೇಳಿ. ತೆಗೆದ ಕಾಲುಂಗುರ ಯಾರ ಜೇಬಿನಲ್ಲಿದೆ ನೋಡಿಕೊಂಡು ಹಿಂದಿರುಗಿಸಿ.